ಅಂಜಿನಕ್ಕನ ಹೆಲ್ಮೆಟ್ಟು

ಹಡಗಲಿ ಬಸ್ ನಿಲ್ದಾಣದಲ್ಲಿ ನನ್ನ ಪಕ್ಕ ಸೇತುವೆ ಕೆಲಸದ ಇಬ್ಬರು ಹೆಂಗಸರು ಕುಳಿತಿದ್ದರು. ಹಿರಿಯಳ ಮೊಣಕೈಗೆ ಬಟ್ಟೆ ಸುತ್ತಿತ್ತು.

“ನಾ ತವರಿಂದ ಈಗ ಬರಾಕತ್ತೀನಿ. ಹಲಗಿ ಮ್ಯಾಲಿಂದ ಹೆಂಗ ಬಿದ್ದಿ ಅಂಜಿನಕ್ಕಾ?”

“ಹೆಲ್ಮೆಟ್ಟು ಜಾರಿ ಕಣ್ಣು ಮುಚ್ಚಿತು, ಕೋಮಲಾ. ಗಂಡಸರ ಅಳತಿದು.”

“ನಿನ್ನ ತುರುಬಿಂದ ತಪ್ಪು ಅಂತಾನಂತ ಮೇಸ್ತ್ರಿ.”

“ಅವನ ಬೋಳು ತಲಿಗೆ ಎಲ್ಲಾ ಕುಂದರತಾವು! ನಮ್ಮ ಅಳತಿದು ತರೋತನ ಹೆಣ್ಮಕ್ಕಳು ಯಾರೂ ಹಲಗಿ ಹತ್ತಂಗಿಲ್ಲ ಅಂದ್ವಿ.”

“ತಂದ್ರಾ?”

“ಇವತ್ತು ತಂದಾರ. ಹಿಂದ ಬಿಗಿ ಮಾಡೋ ಪಟ್ಟಿ ಐತಿ.”

“ಹಂಗಾದ್ರ ತುರುಬು ಉಳೀತು ಅನ್ನು.”

“ಇಲ್ಲವ್ವ. ಅವರು ಒಂದೀಟು ಬಗ್ಗಿದ್ರು, ನಾನೂ ಜಡಿ ಹಾಕ್ಕೊಂತೀನಿ.”

“ಮಲ್ಲಿಗಿ?”

“ಜಡಿಗೆ ಮುಡೀತೀನಿ. ಅದನ್ನ ಮಾತ್ರ ಬಿಡಂಗಿಲ್ಲ.”

ಮಾಗಳದ ಬಸ್ಸು ಬಂತು. ಕೋಮಲಾ ನಗುತ್ತಲೇ ಇಬ್ಬರ ಗಂಟನ್ನೂ ಎತ್ತಿಕೊಂಡು, ಅಕ್ಕನ ನೋವಿಲ್ಲದ ಕೈ ಹಿಡಿದು ಹತ್ತಿಸಿದಳು.