ಒಂದು ಗುಟುಕು ಹೆಕ್ಸಾಡೆಕೇನ್

ಹಲೋ... ಹಲೋ, ಯಾರು ಮಾತಾಡೋದು?... ಯಾರಂತೆ? ಜೋರಾಗಿ ಹೇಳಿ, ನಾನು ರೈಲಿನಲ್ಲಿದ್ದೇನೆ. ಇಲ್ಲಿ ನಾಲ್ಕು ಜನ ಇಸ್ಪೀಟಿನಲ್ಲಿ ರಾಜ್ಯ ಗೆಲ್ತಾ ಇದ್ದಾರೆ...

ಕಾಶವ್ವನಾ? ನಮ್ಮ ಮುರುಗೆಪ್ಪನ ಹೆಂಡತಿ? ಹಾಂ ಹಾಂ, ನಾನೇ ಹರಿಶ್ಚಂದ್ರ. ಹೇಳು ತಂಗಿ. ಈಗಷ್ಟೇ ಡೊಂಬಿವಲಿ ಬಿಟ್ಟಿತು, ಫಾಸ್ಟ್ ಲೋಕಲ್. ನಿಮ್ಮ ಊರಿಗೇ, ಠಾಣೆಗೇ ಬರ್ತಿದ್ದೇನೆ... ಅಳಬೇಡ. ಅತ್ತುಕೊಂಡು ಹೇಳಿದರೆ ನನಗೆ ಅಳು ಮಾತ್ರ ಕೇಳಿಸ್ತದೆ.

...

ಏನು ಕುಡಿದ?... ಎಲ್ಲಿ, ಮಹಾಪೆಯ ಫ್ಯಾಕ್ಟರಿಯಲ್ಲೇ?... ಡ್ರಮ್ಮಿನಿಂದ ಕ್ಯಾನಿಗೆ ಬಿಡುವಾಗ ಪೈಪನ್ನು ಬಾಯಿಂದ ಎಳೆದನಾ. ಕೈಪಂಪು ಎಲ್ಲಿತ್ತಂತೆ?... ಬೀರುವಿನಲ್ಲಿ. ಗೊತ್ತು. ನಾನು ಅಲ್ಲಿ ಸ್ಟೋರ್ ನೋಡಿಕೊಳ್ಳುವಾಗಲೂ ಬೀರುವಿನಲ್ಲೇ ಇತ್ತು, ಮೇಲಿನ ಪ್ಲಾಸ್ಟಿಕ್ ಸಹಿತ. ಇನ್‌ಸ್ಪೆಕ್ಟರ್ ಬಂದ ದಿನ ಹೊರಗೆ ಬರ್ತಿತ್ತು, ಅವರು ಚಹಾ ಕುಡಿದು ಹೋದ ಮೇಲೆ ಒಳಗೆ.

ಯಾವ ಡ್ರಮ್ಮು?... ನೀಲಿ ಅಂದರೆ ಹೇಗೆ ತಂಗಿ, ಅಲ್ಲಿ ಎಲ್ಲವೂ ನೀಲಿಯೇ. ಅವನನ್ನೇ ಕೇಳು, ಜನವರಿ ಚಳಿಗೆ ಕೊಬ್ಬರಿ ಎಣ್ಣೆ ಹಾಗೆ ಹೆಪ್ಪುಗಟ್ತಿತ್ತಲ್ಲ, ಅದಾ ಅಂತ... ಮಾತಾಡಿಸಬೇಡ, ತಲೆ ಆಡಿಸಲಿ ಸಾಕು... ಆಡಿಸಿದನಾ? ಹಾಂ. ಹಾಗಾದರೆ ಅದೇ.

ಹೌದು, ನೀರಿನ ಹಾಗೇ ಇರ್ತದೆ. ಬಣ್ಣ ಇಲ್ಲ, ಘಾಟು ಇಲ್ಲ, ನಾಲಿಗೆ ಸುಡೋದಿಲ್ಲ. ಬಹಳ ಸಭ್ಯ ವಸ್ತು. ಮುಚ್ಚಳ ಬಿಗಿ ಮಾಡಿ, ಬೆಂಕಿಯಿಂದ ದೂರ ಇಟ್ಟರೆ ವರ್ಷಗಟ್ಟಲೆ ಸುಮ್ಮನೆ ಕೂತಿರ್ತದೆ. ಹೊಟ್ಟೆಯೊಳಗೂ ದೊಡ್ಡ ಗಲಾಟೆ ಮಾಡೋದಿಲ್ಲ. ಅದಕ್ಕೇ ವಿಕಾಸ್ ‘ಏನೂ ಆಗಲ್ಲ, ಮನೆಗೆ ಹೋಗಿ ಮಲಗು’ ಅಂದಿರಬೇಕು, ಅಲ್ವಾ?... ಅಂದನಾ! ಸೂಪರ್‌ವೈಸರ್ ಆದ ಮೇಲೆ ಅವನು ವೈದ್ಯನೂ ಆದ ಅನ್ನು.

...

ಹಿಂದೆ ಯಾರದು ಕೂಗ್ತಿರೋದು?... ಪಕ್ಕದ ಮನೆ ಜಯಲತಾ. ಏನು ಹಿಡ್ಕೊಂಡಿದ್ದಾಳೆ, ಉಪ್ಪುನೀರಾ?... ಬೇಡ! ಕಾಶವ್ವ, ಆ ಚೊಂಬು ಕಸಿದುಕೋ ಮಾರಾಯ್ತಿ! ವಾಂತಿ ಮಾಡಿಸಬಾರದು. ಮಾಡಿಸಲೇಬಾರದು... ಗೊತ್ತು, ವಿಷ ಅಂದರೆ ಎಲ್ಲರೂ ಮಾಡಿಸ್ತಾರೆ. ಇದಕ್ಕೆ ಆಗೋದಿಲ್ಲ. ಹೊಟ್ಟೆಯಲ್ಲಿದ್ದರೆ ಇರಲಿ. ಮೇಲೆ ಬರುವಾಗ ಉಸಿರಿನ ದಾರಿಗೆ ಜಾರ್ತದೆ. ತೆಳ್ಳಗಿನ ಎಣ್ಣೆ ಅದು, ಒಂದು ಚಮಚ ಶ್ವಾಸಕೋಶಕ್ಕೆ ಇಳಿದರೂ ಸಾಕು, ಪೂರ್ತಿ ಹರಡಿಕೊಂಡು...

ಏನಂದೆ?... ಎರಡು ಸಲ?... ಆಗಲೇ ಆಯ್ತಾ.

...

ಹಾಂ, ಕೇಳ್ತಿದ್ದೇನೆ. ಸ್ಟೇಷನ್ ದಾಟಿತು, ಗದ್ದಲ... ನಿನ್ನ ತಪ್ಪಲ್ಲ. ಜಯಲತಾಳ ತಪ್ಪೂ ಅಲ್ಲ. ಕೆಮ್ಮು ಯಾವಾಗ ಶುರುವಾಯ್ತು?... ವಾಂತಿ ಆದ ಮೇಲೆ. ಹಾಂ... ಫೋನನ್ನು ಅವನ ಬಾಯಿ ಹತ್ತಿರ ಹಿಡಿ ನೋಡುವ.

......

......

ಸಾಕು. ತೆಗಿ.

ಈಗ ಕೇಳು. ಮಲಗಿಸಬೇಡ, ಒರಗಿಸಿ ಕೂರಿಸು. ಅಂಗಿ ಮೇಲೆ ಚೆಲ್ಲಿದ್ದರೆ ಬಿಚ್ಚು. ನೀರು, ಹಾಲು, ಏನೂ ಕೊಡಬೇಡ. ಗಲ್ಲಿಯ ದವಾಖಾನೆಗಲ್ಲ, ಆಕ್ಸಿಜನ್ ಇರುವ ದೊಡ್ಡ ಆಸ್ಪತ್ರೆಗೆ, ಈಗಲೇ. ಡಾಕ್ಟರಿಗೆ ‘ಸೀಮೆಎಣ್ಣೆ ಜಾತಿಯದ್ದು, ವಾಂತಿ ಆಗಿದೆ, ಆಮೇಲೆ ಕೆಮ್ಮು’ ಅನ್ನು. ಹೆಸರು ಹೆಕ್ಸಾಡೆಕೇನ್. ಹೆಕ್ಸಾ, ಡೆಕೇನ್... ಹಾಂ, ಬಾಯಿಗೆ ಬಾರದ ಹೆಸರೇ. ಜಯಲತಾ ಹತ್ತಿರ ಚೀಟಿಯಲ್ಲಿ ಬರೆಸ್ಕೋ.

...

ಏನು?... ವಿಕಾಸ್ ಫೋನ್ ಮಾಡಿದ್ದನಾ? ಏನು ಹೇಳಬೇಕಂತೆ ಆಸ್ಪತ್ರೆಯಲ್ಲಿ?... ವಡಾಪಾವ್. ರಸ್ತೆ ಬದಿಯ ವಡಾಪಾವ್ ತಿಂದು ಹೀಗಾಯ್ತು ಅಂತ. ಇದ್ದೂ ಇದ್ದೂ ವಡಾಪಾವಿನ ಮೇಲೆ ಹಾಕಿದನಾ ಪಾಪಿ... ಹಾಗೆ ಹೇಳಿದರೆ ಮುರುಗೆಪ್ಪನನ್ನು ಪರ್ಮನೆಂಟ್ ಮಾಡ್ತಾರಂತಾ?

ಗೊತ್ತು ತಂಗಿ. ಹನ್ನೊಂದು ವರ್ಷದಿಂದ ಕಾಯ್ತಿದ್ದೀರಿ, ಗೊತ್ತು. ಆದರೆ ವಡಾಪಾವ್ ಅಂದರೆ ಒಂದು ಸಲೈನ್ ಏರಿಸಿ ವಾರ್ಡಿನ ಮೂಲೆಯಲ್ಲಿ ಮಲಗಿಸ್ತಾರೆ. ಎದೆಯ ಫೋಟೋ ತೆಗೆಯೋದೇ ಇಲ್ಲ. ಅಷ್ಟರಲ್ಲಿ ಅವನು... ಪರ್ಮನೆಂಟ್ ಆಗಲಿಕ್ಕೆ ಮನುಷ್ಯ ಬೇಕಲ್ವಾ, ಕಾಶವ್ವ?

...

ನಿಜ ಹೇಳಿದರೆ ಅವನೇ ಅಜಾಗರೂಕತೆ ಮಾಡಿದ ಅಂತ ಬರೀತಾರಂತಾ? ಬರೆಯಲಿ. ಆಗ ನನ್ನ ಹೆಸರು ಹೇಳು. ಬಾಯಿಂದ ಎಳೆಯೋದು ಅವನಿಗೆ ಕಲಿಸಿದ್ದು ನಾನು... ಹೌದು, ನಾನೇ. ಪೈಪಿನ ತುದಿಗೆ ಹೆಬ್ಬೆರಳು ಹೇಗಿಡಬೇಕು, ಯಾವಾಗ ಬಾಯಿ ತೆಗೀಬೇಕು, ಎಲ್ಲ. ‘ಬಾಯಿಂದ ಎಳೆಯಬೇಡಿ’ ಅಂತ ಗೋಡೆಗೆ ಬೋರ್ಡು ಬರೆಸಿದ್ದೂ ನಾನೇ. ಆ ಬೋರ್ಡಿನ ಕೆಳಗೇ ನಿಲ್ಲಿಸಿ ಕಲಿಸಿದೆ. ಬೇಗ ಆಗ್ತದೆ ಅಂತ.

...

ದಿವಾ ಸ್ಟೇಷನ್ ಹೋಯ್ತು. ಇನ್ನು ಪಾರಸಿಕ್ ಸುರಂಗ, ಅದರೊಳಗೆ ಲೈನ್ ನಿಲ್ಲೋದಿಲ್ಲ. ರಿಕ್ಷಾ ಬಂತಾ?... ಕಾರಾ? ಯಾರು ಕಳಿಸಿದ್ದು?... ವಿಕಾಸೇ ಬಂದಿದ್ದಾನಾ? ಆಸ್ಪತ್ರೆಗೆ ಅವನೂ ಬರ್ತಾನಂತಾ?...

ಬರಲಿ. ಹತ್ತಿಸು, ತಡ ಮಾಡಬೇಡ. ಆದರೆ ಹತ್ತುವ ಮೊದಲು ನನಗೊಂದು ಸಲ ಹೇಳು. ನಾನೇ ಡಾಕ್ಟರು ಅಂದ್ಕೋ. ‘ಏನಮ್ಮ, ನಿನ್ನ ಗಂಡನಿಗೆ ಏನಾಯ್ತು?’... ಹೇಳು... ವಿಕಾಸ್ ಕೇಳಿಸಿಕೊಂಡರೆ ಕೇಳಿಸಿಕೊಳ್ಳಲಿ, ನೀನು ಹೇಳು...

ಕಾಶವ್ವ?... ಚೀಟಿ ಕೈಯಲ್ಲಿದೆ ಅಲ್ವಾ? ಚೀಟಿ ಯಾರ ಕೈಯಲ್ಲಿದೆ?... ಹಲೋ? ಕತ್ತಲಾಯ್ತು ಇಲ್ಲಿ... ಹಲೋ, ಕಾಶವ್ವ, ಏನು ಕುಡಿದ ಅಂತ ಹೇಳ್ತೀ? ಏನು ಕುಡಿ