ನರಸಿಂಹರಾಯರು ಕೊಟ್ಟ ಗಾಡಿ

ಹಲೋ... ಹಲೋ, ಯಾರು ಮಾತಾಡೋದು? ಸ್ವಲ್ಪ ಜೋರಾಗಿ ಹೇಳ್ರೀ, ಗಲ್ಲೀಲಿ ಮೆರವಣಿಗೆ ಹೋಗ್ತಾ ಇದೆ, ಏನೂ ಕೇಳಿಸಲ್ಲ... ಯಾರು? ಶ್ರೀನಿಧಿ? ಹುಬ್ಬಳ್ಳಿ ಶ್ರೀನಿಧಿಯವರಾ?

ಹಾಂ. ಬಂತಲ್ಲ ಫೋನು! ಬೆಳಗ್ಗೆಯಿಂದ ನಿಮ್ಮನ್ನೇ ನೆನೆಸ್ಕೋತಿದ್ದೆ, ಒಳ್ಳೇ ಮಾತಲ್ಲಿ ಅಲ್ಲ ಬಿಡಿ... ಹೌದು, ನಾನೇ ರಾಘವೇಂದ್ರಾಚಾರ್ಯ. ಕಾಶಿಯಿಂದಲೇ ಮಾತಾಡ್ತಿರೋದು. ಇನ್ನೆಲ್ಲಿಂದ ಮಾತಾಡ್ಲಿ?...

ನಿಧಾನವಾಗಿ ಯಾಕೆ ಮಾತಾಡ್ಲಿ? ಬೆಳಗ್ಗೆ ಎಂಟು ಗಂಟೆ, ನಾನು ಘಾಟಿನಲ್ಲಿ ಯಾತ್ರಿಕರಿಗೆ ಸಂಕಲ್ಪ ಹೇಳಿಸ್ತಾ ಇದೀನಿ. ಭೇಲೂಪುರದಿಂದ ಫೋನು, ನಮ್ಮ ಶೆಡ್ಡಿನ ಪಕ್ಕದ ಮನೆಯವರದ್ದು. ‘ಪಂಡಿತ್‌ಜೀ, ಕ್ರೇನ್ ಆಯಾ ಹೈ, ಆಪ್ ಕೀ ಗಾಡೀ ಉಠಾ ರಹಾ ಹೈ’ ಅಂತ. ನನ್ನ ಗಾಡಿ ಎತ್ತೋಕೆ ಆ ಕ್ರೇನು ಕಳಿಸಿದ್ದು ಯಾರು? ಆ ಯಾತ್ರಿಕರನ್ನ ನೀರಲ್ಲೇ ನಿಲ್ಲಿಸಿ, ಒದ್ದೆ ಪಂಚೇಲಿ ಆಟೋ ಹಿಡಿದು ಓಡಿದೀನಿ ರೀ ನಾನು, ಈ ವಯಸ್ಸಲ್ಲಿ! ಅಡ್ಡ ನಿಂತು ಕ್ರೇನನ್ನ ವಾಪಸ್ ಕಳಿಸಿದೀನಿ...

ನಿಮ್ಮ ಗಾಡಿನಾ? ಅದು ಹೇಗೆ ನಿಮ್ಮ ಗಾಡಿಯಾಯ್ತು?...

ಫೋಟೋ ನೋಡಿದ್ರಿ, ಸರಿ. ಫೋಟೋ ಹಾಕಿದವಳು ನನ್ನ ಮಗಳು ಸಾತ್ವಿಕಾ. ಇಲ್ಲೇ ಹುಟ್ಟಿ ಬೆಳೆದ ಹುಡುಗಿ, ಹಿಂದಿನ ಕಥೆ ಏನೂ ಗೊತ್ತಿಲ್ಲ ಅವಳಿಗೆ. ಗಾಡಿಗೆ ಹೊದಿಸಿದ್ದ ತಿರ್ಪಾಲು ಸರಿಸಿ ಒಂದು ಫೋಟೋ ಹೊಡೆದು, ‘ಇದು ಯಾವ ಗಾಡಿ, ಯಾರಿಗಾದ್ರೂ ಗೊತ್ತಾ’ ಅಂತ ಇಂಟರ್ನೆಟ್ಟಿಗೆ ಹಾಕಿದ್ಲು. ಒಬ್ಬ ಫ್ರಾನ್ಸಿಂದು ಅಂದ. ಇನ್ನೊಬ್ಬ ಮಿಲಿಟರಿ ಹರಾಜಿನ ಜೀಪು ಅಂದ. ಟ್ರ್ಯಾಕ್ಟರಿಗೆ ತಗಡು ಹೊಡೆದಿದಾರೆ ಅಂದವನೂ ಇದಾನೆ. ಆಮೇಲೆ ಬಂದ್ರಲ್ಲ ತಾವು...

ಓದಿದೀನಿ, ಓದಿದೀನಿ. ‘ಕಾಶಿ ಪುರೋಹಿತರು ನುಂಗಿದ ನಮ್ಮ ಮನೆ ಗಾಡಿ.’ ನೀವೇ ಬರೆದಿದ್ದು ಅಲ್ವಾ? ನುಂಗೋದಕ್ಕೆ ಅದೇನು ಪೇಡೆನಾ?...

ಹೇಳಿ, ಗುರುತು ಹೇಳಿ, ಕೇಳ್ತೀನಿ... ಹಾಂ, ಮುಂದಿನ ಗಾಜು ಮಡಚಿ ಬಾನೆಟ್ ಮೇಲೆ ಮಲಗಿಸಬಹುದು. ಅದು ಎಲ್ಲಾ ಜೀಪಲ್ಲೂ ಇರತ್ತೆ... ಬಾಗಿಲಿನ ಬದಲು ಕ್ಯಾನ್ವಾಸ್ ಪಟ್ಟಿ. ಹೌದು... ಸ್ಟೆಪ್ನಿ ಹಿಂದಿನ ಸೀಟಿನ ಕೆಳಗಾ?... ಹೌದು. ಸೀಟು ಎತ್ತಿದ್ರೆ ಅಲ್ಲೇ ಇದೆ.

ಸರಿ ರೀ, ಒಪ್ಪಿದೆ! ಅದು ಕಂಪನಿ ಗಾಡಿಯಲ್ಲ. ನಿಮ್ಮ ತಂದೆ ಸುಧನ್ವ ಅವರು ಹುಬ್ಬಳ್ಳೀಲಿ ತಮ್ಮ ವರ್ಕ್‌ಶಾಪಲ್ಲಿ ಕೈಯಾರೆ ತಗಡು ತಟ್ಟಿ ಮಾಡಿದ್ದು. ಎಂಜಿನ್ನು ಕಾರಿಂದು, ವೇಷ ಮಾತ್ರ ಜೀಪಿಂದು. ಮಾಡಿದ್ದು ಅದೊಂದೇ... ನಕ್ಷೆ ಇದೆಯಾ ನಿಮ್ಮ ಹತ್ರ? ಇಟ್ಕೊಳ್ಳಿ. ನಾನು ಇಲ್ಲ ಅಂದ್ನಾ? ಐವತ್ತು ವರ್ಷದಿಂದ ಗೊತ್ತಿದೆ ನಮಗೆ.

ಡ್ಯಾಶ್‌ಬೋರ್ಡ್ ಮೇಲೆ ತಂದೆಯವರ ಹೆಸರಿನ ಹಿತ್ತಾಳೆ ಫಲಕ?... ಇಲ್ಲ. ಎರಡು ತೂತು ಇವೆ, ಅಷ್ಟೆ... ನಾವು ಕಿತ್ತು ಮಾರಿದ್ವಾ? ರೀ, ನಾಲಿಗೆ ಮೇಲೆ ಹಿಡಿತ ಇರಲಿ! ನಿಮ್ಮಜ್ಜನೇ ತಮ್ಮ ಕೈಯಾರೆ ಕಿತ್ತು ಗಂಗೆಗೆ ಎಸೆದಿದ್ದು. ನಮ್ಮಪ್ಪ ಪಕ್ಕದಲ್ಲೇ ನಿಂತಿದ್ರು... ಯಾಕೆ ಅಂತ ನನ್ನ ಕೇಳಬೇಡಿ. ಕೇಳಬೇಡಿ ಅಂದೆ.

ಅಲ್ಲ, ಅಲ್ಲ, ಅಲ್ಲ. ಬಿಟ್ಟುಹೋಗಿದ್ದೂ ಅಲ್ಲ, ಇಟ್ಟುಹೋಗಿದ್ದೂ ಅಲ್ಲ. ದಾನ ರೀ, ದಾನ! ವಾಹನದಾನ. ನಿಮ್ಮಜ್ಜ ನರಸಿಂಹರಾಯರು ಹುಬ್ಬಳ್ಳಿಯಿಂದ ಇಲ್ಲೀತನಕ ಡ್ರೈವರ್ ಕೈಲಿ ಓಡಿಸಿಕೊಂಡು ತಂದು, ಸಂಕಲ್ಪ ಮಾಡಿ, ನೀರು ಬಿಟ್ಟು ನಮ್ಮಪ್ಪನಿಗೆ ಕೊಟ್ಟಿದ್ದು. ಕೊಟ್ಟಿದ್ದನ್ನ ವಾಪಸ್ ಕಿತ್ಕೊಳ್ಳೋದಕ್ಕೆ ದತ್ತಾಪಹಾರ ಅಂತಾರೆ. ಕೇಳಿದೀರಾ ಆ ಹೆಸರು?...

ಶೋಕಿ? ಯಾರು, ನಮ್ಮಪ್ಪನಾ? ಅಪ್ಪ ಸಾಯೋತನಕ ಒಂದು ದಿನ ಆ ಗಾಡೀಲಿ ಕೂತವರಲ್ಲ ರೀ! ಜಂಗಮವಾಡಿ ಗಲ್ಲಿಯಿಂದ ಘಾಟಿಗೆ ಮಂಡಿ ಹಿಡ್ಕೊಂಡು ನಡೆದೇ ಹೋದ್ರು. ದಾನ ಅಂದ್ರೆ ಬರೀ ವಸ್ತು ಬರಲ್ಲ, ಕೊಟ್ಟವರ ಪಾಪಾನೂ ಅದರ ಜೊತೆ ಬರತ್ತೆ. ಅದನ್ನ ಕಳಕೊಳ್ಳೋಕೆ ಅಂತ ದಿನಾ ಸಾವಿರ ಗಾಯತ್ರಿ ಮಾಡಿದ ಮನುಷ್ಯ ಅವರು. ಅವರ ಮೇಲೆ ಗೂಬೆ ಕೂರಿಸ್ತೀರಾ? ಮೈ ಉರಿಯತ್ತೆ ನನಗೆ...

ಏನು ಪಾಪ?... ಏನಿಲ್ಲ. ಮಾತಿಗೆ ಅಂದೆ. ಬಿಡಿ ಅದನ್ನ.

ಶುಕ್ರವಾರನಾ? ತಂದೆಯವರಿಗೆ ಎಪ್ಪತ್ತೈದು ತುಂಬತ್ತಾ? ಅವತ್ತು ಈ ಗಾಡೀನ ಬಾಗಿಲಿಗೆ ತಂದು ನಿಲ್ಲಿಸ್ಬೇಕು ಅಂತ?... ಬೇಡ. ನೋಡಿ, ಸಿಟ್ಟಲ್ಲ ಈಗ, ನಿಮ್ಮಣ್ಣ ಅಂದ್ಕೊಂಡು ಕೇಳಿ. ಬೇಡ. ತಂದೆಗೆ ಬೇರೆ ಏನಾದ್ರೂ ಕೊಡಿ. ಅವರು ಯಾವತ್ತಾದ್ರೂ ತಾವಾಗಿ ಈ ಗಾಡಿ ವಿಷಯ ಎತ್ತಿದಾರಾ?... ಇಲ್ಲ ಅಲ್ವಾ? ತಮ್ಮ ಕೈಯಾರೆ ಮಾಡಿದ ಗಾಡಿ, ಒಂದು ಸಲಾನೂ ಯಾಕೆ ಮಾತಾಡಿಲ್ಲ ಅಂತ ನಿಮಗೆ ಅನ್ನಿಸಲೇ ಇಲ್ವಾ?...

ಕೋರ್ಟಾ? ಹೋಗಿ, ಧಾರಾಳವಾಗಿ ಹೋಗಿ.

ಯಾವ ಪುಟ?... ಅದು ಯಾರು ಹೇಳಿದ್ರು ನಿಮಗೆ?... ಹೌದು, ವಹಿ ಇದೆ. ಯಾತ್ರೆಗೆ ನಮ್ಮಲ್ಲಿ ಬಂದ ಪ್ರತಿ ಮನೆತನಕ್ಕೂ ಅದರಲ್ಲಿ ಒಂದೊಂದು ಪುಟ, ಅವರೇ ಕೈಯಾರೆ ಬರೆದು ಸಹಿ ಹಾಕ್ತಾರೆ. ಬೇರೆಯವರಿಗೆ ತೋರಿಸೋ ಹಾಗಿಲ್ಲ, ಆ ವಂಶದವರು ಕೇಳಿದ್ರೆ ಇಲ್ಲ ಅನ್ನೋ ಹಾಗಿಲ್ಲ. ನಮ್ಮ ಮನೆ ನಿಯಮ ನನಗೇ ಕಲಿಸ್ತೀರಾ?...

ಫೋನಲ್ಲಿ ಬೇಡ ಅಂತೀನಿ. ನೀವೊಬ್ಬರೇ ಬನ್ನಿ, ಊಟ ಹಾಕ್ತೀನಿ, ಎದುರಿಗೆ ಕೂತು ಓದ್ಕೊಳ್ಳಿ. ಕೈ ಮುಗೀತೀನಿ...

ಏನಂದ್ರಿ? ಇನ್ನೊಂದು ಸಲ ಹೇಳಿ... ನಾವೇ ಬರ್ಕೊಂಡಿದ್ದು? ನಮ್ಮಪ್ಪ ಖೋಟಾ ಬರೆದಿಟ್ಟು ಹೋದ್ರು ಅಂತೀರಾ?

ಸಾತ್ವಿಕಾ! ಬೇಟಾ, ಹುಬ್ಬಳ್ಳಿ ವಾಲೀ ವಹಿ ಲಾವೋ! ಅರೇ, ಲಾಲ್ ಕಪಡೇ ಮೇ ಬಂಧೀ ಹೈ, ಊಪರ್ ವಾಲೇ ಸಂದೂಕ್ ಮೇ!... ಲೈನಲ್ಲೇ ಇರಿ ರೀ, ಎಲ್ಲೂ ಹೋಗಬೇಡಿ. ಇವತ್ತು ಓದೇ ಬಿಡ್ತೀನಿ.

ರೆಕಾರ್ಡ್ ಮಾಡ್ಕೋತೀರಾ? ಸ್ಪೀಕರಿಗೆ ಹಾಕಿ? ಹಾಕ್ಕೊಳ್ಳಿ! ಮನೆಮಂದಿಗೆಲ್ಲ ಕೇಳಿಸಿ, ಓಣಿಯವರನ್ನೂ ಕರೀರಿ! ನನಗೇನು ಭಯ?...

ಹಾಂ, ಬಂತು. ಗೋತ್ರ ಹೇಳಿ... ಕೌಶಿಕ. ಮುತ್ತಜ್ಜನ ಹೆಸರು?... ಸರಿ. ಇದೇ ಪುಟ. ನಿಮ್ಮಜ್ಜ ನರಸಿಂಹರಾಯರ ಅಕ್ಷರ, ಕೆಳಗೆ ಸಹಿ. ಕಿವಿಗೊಟ್ಟು ಕೇಳ್ಕೊಳ್ಳಿ.

‘ಆನಂದ ಸಂವತ್ಸರ, ಕಾರ್ತೀಕ ಬಹುಳ ದ್ವಾದಶಿ. ನನ್ನ ಮಗ ಚಿರಂಜೀವಿ ಸುಧನ್ವನು ನಿರ್ಮಿಸಿದ ಮೋಟಾರು ವಾಹನವನ್ನು, ಅದನ್ನು ಅವನು ನಡೆಸುವಾಗ ಘಟಿಸಿದ ಬಾಲಹತ್ಯೆಯ ದೋಷ ಪರಿಹಾರಕ್ಕಾಗಿ ಇಂದು ದಾನ ಮಾಡಿರುತ್ತೇನೆ. ಹುಡುಗಿ ಆಸ್ಪತ್ರೆಯಲ್ಲಿ ಗುಣವಾದಳೆಂದು ಅವನಿಗೆ ಹೇಳಿ ಮುಂಬಯಿಗೆ ಕಳಿಸಿದ್ದೇನೆ. ಅವನು ಹಾಗೆಯೇ ತಿಳಿದಿರಲಿ. ಈ ವಾಹನ ಮರಳಿ ನಮ್ಮ ಮನೆಗೆ ಬರಕೂಡದು.’

ಸಾಕಾ? ಸಮಾಧಾನ ಆಯ್ತಾ? ಇದಕ್ಕೇ ರೀ ಫಲಕ ಕಿತ್ತಿದ್ದು! ಯಾರೂ ಯಾವತ್ತೂ ಈ ಗಾಡಿ ಗುರುತು ಹಿಡೀಬಾರದು ಅಂತ. ನಿಮ್ಮ ಮನೆ ಮಾನ ಐವತ್ತು ವರ್ಷ ಬಾಯಿ ಬಿಡದೆ ಕಾಯ್ದವರು ನಾವು. ಈಗ ಬರೀರಿ ಇಂಟರ್ನೆಟ್ಟಲ್ಲಿ, ಯಾರು ಏನು ನುಂಗಿದ್ರು ಅಂತ!...

ಹಲೋ?... ಶ್ರೀನಿಧಿ?

ಯಾರು?... ಇದು ನಿಮ್ಮ ದನಿ ಅಲ್ವಲ್ಲ. ಯಾರು ಮಾತಾಡ್ತಿರೋದು?...

ಸುಧನ್ವ... ರಾಯರಾ?

ಅಯ್ಯೋ ದೇವರೇ. ನೀವು ಯಾವಾಗ ಬಂದ್ರಿ ಅಲ್ಲಿಗೆ?... ನಿಮ್ಮ ತಂದೆಯವರ ಹೆಸರು ಕೇಳಿ ಒಳಗಿಂದ ಬಂದ್ರಾ? ಪೂರ್ತಿ ಕೇಳಿಸ್ಕೊಂಡ್ರಾ?... ರೀ ಶ್ರೀನಿಧಿ, ಮನೇಲೇ ಇದಾರೆ ಅಂತ ಒಂದು ಮಾತು ಹೇಳಬಾರದಿತ್ತಾ! ಥೂ, ನನ್ನ ಬಾಯಿಗಿಷ್ಟು ಬೆಂಕಿ ಹಾಕ...

ರಾಯರೇ, ಸಿಟ್ಟು ನೆತ್ತಿಗೇರಿತ್ತು ನನಗೆ. ತಪ್ಪಾಯ್ತು. ದೊಡ್ಡ ತಪ್ಪಾಯ್ತು... ಹಾಂ... ಹೌದು. ಅವರದ್ದೇ ಅಕ್ಷರ.

ಇಲ್ಲ ರಾಯರೇ. ಬದುಕಲಿಲ್ಲ. ಮೂರನೇ ದಿನ ಆಸ್ಪತ್ರೇಲೇ ಹೋದ್ಲು ಅಂತ ನಿಮ್ಮ ತಂದೆ ನಮ್ಮಪ್ಪನಿಗೆ ಹೇಳಿದ್ರಂತೆ. ಅಳ್ತಾ ಹೇಳಿದ್ರಂತೆ...

ಹೆಸರಾ?... ಇದೆ. ಕೊನೇ ಸಾಲಲ್ಲಿದೆ, ನಾನು ಓದಲಿಲ್ಲ. ನೀಲಗಂಗಾ. ಒಂಬತ್ತು ವರ್ಷ.

ಹೌದು, ನೀಲಗಂಗಾ... ಪಿತೃಪಕ್ಷದಲ್ಲಿ ಅಪ್ಪ ಅವಳ ಹೆಸರಲ್ಲಿ ಒಂದು ಪಿಂಡ ಇಡ್ತಿದ್ರು. ಈಗ ನಾನು ಇಡ್ತೀನಿ. ಗೋತ್ರ ಗೊತ್ತಿಲ್ಲ, ಬರೀ ಹೆಸರು ಹೇಳಿ ಇಡ್ತೀವಿ. ಒಂದು ವರ್ಷಾನೂ ತಪ್ಪಿಸಿಲ್ಲ ರಾಯರೇ...

ಏನಂದ್ರಿ? ಸರಿಯಾಗಿ ಕೇಳಿಸಲಿಲ್ಲ... ಅರವತ್ತಾ? ಯಾರಿಗೆ ಅರವತ್ತು?...

ಅವಳಿಗಾ?... ವರ್ಷ ವರ್ಷ ಲೆಕ್ಕ ಇಟ್ಟಿದ್ರಾ ನೀವು? ಈಗ ಮೊಮ್ಮಕ್ಕಳಿರಬೇಕು ಅವಳಿಗೆ, ಅಂತ...

ರಾಯರೇ... ರಾಯರೇ, ಕೂತ್ಕೊಳ್ಳಿ ಮೊದಲು. ಶ್ರೀನಿಧಿ, ತಂದೆಯವರನ್ನ ಹಿಡ್ಕೊಳ್ರೀ... ಹಲೋ? ಹಲೋ...