ಕಿವಿಗೆ ಹತ್ತಿ

ಹರಿಹರದ ಬಸ್ ನಿಲ್ದಾಣದಲ್ಲಿ ನನ್ನ ಪಕ್ಕದ ಬೆಂಚಿನ ಮೇಲೆ ಇಬ್ಬರು ಪಿಂಜಾರರು ಕೂತಿದ್ದರು. ಹಿರಿಯರ ಪಕ್ಕದಲ್ಲಿ ಹತ್ತಿ ಹಿಂಜುವ ಉದ್ದನೆಯ ಬಿಲ್ಲು ಒರಗಿತ್ತು.

“ಹಯಾತ್ ಚಾಚಾ, ದಾವಣಗೆರೆಯಾಗ ಕಡಿಮೆ ರೇಟಿನ ರೂಮ್ ಎಲ್ಲೈತೆ? ಗಲಾಟೆ ಇರಬಾರ್ದು.”

“ನಾನಿರೋ ಹಾಸ್ಟೆಲ್‌ಗೇ ಬಾರೋ ತೌಸೀಫ್.”

“ಅಲ್ಲಿ ಹುಡುಗ್ರು ರಾತ್ರಿಯೆಲ್ಲಾ ಸ್ಪೀಕರ್ ಹಾಕಿ ಕುಣೀತಾರೆ ಅಂದಿದ್ರಿ?”

“ಕುಣೀತಿದ್ರು. ಮ್ಯಾನೇಜರ್‌ಗೆ ಹೇಳಿದ್ರೆ ನಕ್ಕುಬಿಟ್ಟ. ‘ಸಾಬ್ರೇ, ಹತ್ತಿ ನಿಮ್ಮ ಹತ್ರನೇ ಐತಲ್ಲ, ಕಿವಿಗೆ ಇಟ್ಕೊಳ್ರಿ’ ಅಂದ.”

“ಆಮೇಲೆ?”

“ಹಾಸ್ಟೆಲ್ ಗಾದಿ ಬಿಚ್ಚಿ ಹಿಂಜೋಕೆ ನನ್ನ ಕರೆಸಿದ್ದೇ ಅವನು. ಯಾವ ಹೊತ್ತಿಗೆ ಹಿಂಜಬೇಕು ಅಂತ ಹೇಳಿರ್ಲಿಲ್ಲ. ಬೆಳಗಿನ ನಮಾಜ್ ಮುಗಿಸ್ದೆ, ಆ ಹುಡುಗ್ರ ಬಾಗಿಲ ಮುಂದೇ ಬಿಲ್ಲು ಹಿಡ್ದು ಕೂತೆ. ಟಂಯ್, ಟಂಯ್, ಟಂಯ್.”

“ಅವ್ರು ಆಗ್ತಾನೇ ಮಲಗಿರ್ತಾರಲ್ರಿ!”

“ಅದಕ್ಕೇ ಆ ಹೊತ್ತಿಗೆ ಕೂತಿದ್ದು. ಮ್ಯಾನೇಜರ್ ಲುಂಗಿ ಹಿಡ್ಕೊಂಡು ಓಡಿ ಬಂದ. ಒಂದು ಹಿಡಿ ಹತ್ತಿ ಅವನ ಕೈಗಿಟ್ಟೆ. ‘ಕಿವಿಗೆ ಇಟ್ಕೊಳ್ರಿ’ ಅಂದೆ.”

“ಯಾ ಅಲ್ಲಾ! ಈಗ ಹೆಂಗೈತೆ?”

“ಊಟ ಆಗ್ತಿದ್ದಂಗೆ ಎಲ್ಲಾ ಲೈಟ್ ಆರಿಸಿ ಮಲಗ್ತಾರೆ. ಒಬ್ಬ ಕೆಮ್ಮಿದ್ದೂ ಕೇಳಲ್ಲ.”

“ಹಂಗಾರೆ ಬೆಳಗ್ಗೆ ಹಿಂಜೋದು ಸಾಕು ಬಿಡ್ರಿ ಚಾಚಾ. ಹುಡುಗ್ರಿಗೆ ಬುದ್ಧಿ ಬಂತಲ್ಲ, ಗಾದಿನೂ ಮುಗಿದಿರ್ಬೇಕು.”

ದಾವಣಗೆರೆ ಬಸ್ ಬಂತು. ಹಿರಿಯರು ಎದ್ದು ಬಿಲ್ಲನ್ನು ಹೆಗಲಿಗೇರಿಸಿ, ಅದರ ತಂತಿಯನ್ನು ಬೆರಳಿನಿಂದ ಒಮ್ಮೆ ಮೀಟಿ ನೋಡಿದರು.

“ಗಾದಿ ಮುಗಿದ್ವು ತೌಸೀಫ್. ದಿಂಬು ಇನ್ನೂ ಮುಟ್ಟೇ ಇಲ್ಲ.”